ಕಣ್ಣು ಮುಚ್ಚಿಕೊಂಡು ನೋಡಬೇಕಾದ ಸಿನಿಮಾಗಳು: ಆಸ್ಟ್ರೇಲಿಯಾದ ಮೂಲನಿವಾಸಿಗಳು ತೆರೆಯ ಮೇಲೆ

ಈ ಸಿನಿಮಾಗಳ ಬಗ್ಗೆ ಪರೀಕ್ಷೆಗೆ ಬರೆಯುವವರಿಗೆ ಒಂದೆರಡು ಮಾತು. ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಪ್ರತಿ ಸಿನಿಮಾ ಮುಗಿದ ಮೇಲೂ 'ಇದು ಮೂಲನಿವಾಸಿಗಳ ಪರವಾ, ವಿರುದ್ಧವಾ' ಅಂತ ಒಂದು ಸಾಲು ಬರೆದಿಡುತ್ತಿದ್ದೆ. ಅದರಿಂದ ಏನೂ ಗಿಟ್ಟಲಿಲ್ಲ. ಕನಿಕರ ಇಲ್ಲಿ ಎಲ್ಲರ ಹತ್ತಿರವೂ ಧಾರಾಳವಾಗಿದೆ. ಆಮೇಲೆ ಪ್ರಶ್ನೆ ಬದಲಾಯಿಸಿದೆ: ಕಥೆ ಹೇಳುವ ದನಿ ಯಾರದು, ಯಾವ ಭಾಷೆಯದು, ಸಬ್‌ಟೈಟಲ್ ಯಾರ ಮಾತಿಗೆ ಸಿಗುತ್ತದೆ?

ಹಿನ್ನೆಲೆ ಇಷ್ಟು ಸಾಕು. 1788ರಲ್ಲಿ ಬ್ರಿಟಿಷರು ಬಂದು ನೆಲೆ ಊರಿದರು. ಅದು ಯಾರಿಗೂ ಸೇರದ ನೆಲ ಎಂಬ ಕಾನೂನಿನ ಕಟ್ಟುಕಥೆ, ಮೂಲನಿವಾಸಿಗಳ ಭೂಮಿಯ ಹಕ್ಕನ್ನು ಕೋರ್ಟ್ ಒಪ್ಪಿದ 1992ರ ಮಾಬೋ ತೀರ್ಪಿನವರೆಗೂ ನಡೆಯಿತು.

'ಜೆಡ್ಡಾ'ದಿಂದ (1955) ಶುರು ಮಾಡಿ. ನಿರ್ದೇಶಕ ಚಾರ್ಲ್ಸ್ ಶೊವೆಲ್. ಆಸ್ಟ್ರೇಲಿಯಾದಲ್ಲಿ ಇಬ್ಬರು ಮೂಲನಿವಾಸಿ ನಟರು, ಅಂದರೆ ನಾರ್ಲಾ ಕುನೋತ್ ಮತ್ತು ರಾಬರ್ಟ್ ಟುಡಾವಾಲಿ, ಮುಖ್ಯ ಪಾತ್ರ ಮಾಡಿದ ಮೊದಲ ಕಥಾಚಿತ್ರ ಇದು. ಆದರೆ ಕಣ್ಣು ಮುಚ್ಚಿ ಕೇಳಿ. ಕಥೆ ಹೇಳುವವನು ಜೋ ಎಂಬ ಮಿಶ್ರ ರಕ್ತದ ಯುವಕ, ಆ ಪಾತ್ರ ಮಾಡಿದವನು ಮುಖಕ್ಕೆ ಬಣ್ಣ ಬಳಿದುಕೊಂಡ ಬಿಳಿಯ ನಟ, ಆಡುವುದು ತಿದ್ದಿ ತೀಡಿದ ಇಂಗ್ಲಿಷ್. ಬಿಳಿಯರ ಮನೆಯಲ್ಲಿ ಬೆಳೆದ ಮೂಲನಿವಾಸಿ ಹುಡುಗಿ ಜೆಡ್ಡಾ ಪಿಯಾನೋ ನುಡಿಸುವ ದೃಶ್ಯವಂತೂ ಬಿಡಲೇಬೇಡಿ. ಗೋಡೆಯ ಮೇಲಿನ ಬುಡಕಟ್ಟು ವಸ್ತುಗಳನ್ನು ನೋಡುತ್ತಾ ನೋಡುತ್ತಾ ಅವಳ ಕಿವಿಗೆ ತನ್ನ ಜನರ ಹಾಡು ಕೇಳಿಸುತ್ತದೆ, ಕೊನೆಗೆ ಪಿಯಾನೋ ಮೇಲೆ ಕೈ ಬಡಿದುಬಿಡುತ್ತಾಳೆ. ರಕ್ತ ಕರೆಯುತ್ತದೆ, ಕಲಿಸಿದ್ದು ಉಳಿಯುವುದಿಲ್ಲ ಎಂಬ ಆ ಕಾಲದ ನಂಬಿಕೆ ಬರೀ ಸದ್ದಿನಲ್ಲೇ ಸಿಗುತ್ತದೆ. ಅವಳ ಬಾಯಿಂದ ಒಂದು ಮಾತು ಬೇಕಾಗಲಿಲ್ಲ ನೋಡಿ.

'ವಾಕ್‌ಅಬೌಟ್' (1971) ಬ್ರಿಟಿಷ್ ನಿರ್ದೇಶಕ ನಿಕೊಲಸ್ ರೋಗ್‌ದು. ಮರುಭೂಮಿಯಲ್ಲಿ ದಿಕ್ಕು ತಪ್ಪಿದ ಬಿಳಿಯ ಅಕ್ಕ-ತಮ್ಮನನ್ನು ಒಬ್ಬ ಮೂಲನಿವಾಸಿ ಹುಡುಗ ಉಳಿಸುತ್ತಾನೆ. ಆ ಹುಡುಗ ಯೋಲ್ಙು ಜನಾಂಗದ ಡೇವಿಡ್ ಗುಲ್ಪಿಲಿಲ್. ಅವನು ತನ್ನ ಭಾಷೆಯಲ್ಲಿ ಮಾತಾಡುತ್ತಾನೆ, ಸಬ್‌ಟೈಟಲ್ ಇಲ್ಲ. ಇದನ್ನು ಎರಡು ರೀತಿ ಓದಬಹುದು. ಅಕ್ಕನಿಗೆ ಅರ್ಥವಾಗದ್ದು ನಮಗೂ ಆಗದಿರಲಿ ಅನ್ನುವುದು ಒಂದು. ಅವನ ಮಾತನ್ನು ಹಕ್ಕಿಯ ಕೂಗು, ಗಾಳಿಯ ಸದ್ದಿನ ಜೊತೆ ಸೇರಿಸಿಬಿಟ್ಟರು ಅನ್ನುವುದು ಇನ್ನೊಂದು. ಯೋಲ್ಙು ಪ್ರೇಕ್ಷಕರಿಗೆ ಅದು ಸುಮ್ನೆ ಮಾತು, ಅರ್ಥವಾಗುವ ಮಾತು. ಅವರು ನೋಡುತ್ತಾರೆ ಅಂತ ಸಿನಿಮಾ ಅಂದುಕೊಂಡಂತೆಯೇ ಕಾಣುವುದಿಲ್ಲ. ಹೆಸರಿನ ಪಟ್ಟಿಯಲ್ಲಿ ಗುಲ್ಪಿಲಿಲ್ ಹೋಗಿ 'ಗಂಪಿಲಿಲ್' ಆಗಿದೆ. ನನಗೆ ಎರಡನೇ ಓದೇ ಜಾಸ್ತಿ ಸರಿ ಅನಿಸಲು ಅದೂ ಒಂದು ಕಾರಣ.

ಪರೀಕ್ಷೆಗೆ ಎಲ್ಲರೂ ಓದುವುದು ಫಿಲಿಪ್ ನಾಯ್ಸ್‌ನ 'ರ‍್ಯಾಬಿಟ್ ಪ್ರೂಫ್ ಫೆನ್ಸ್' (2002). 1931ರಲ್ಲಿ ಮಾಲಿ, ಡೇಸಿ, ಗ್ರೇಸಿ ಎಂಬ ಮೂವರು ಹುಡುಗಿಯರನ್ನು ಜಿಗಲಾಂಗ್‌ನಿಂದ ಸರ್ಕಾರ ಎತ್ತಿಕೊಂಡು ಹೋಗಿ ಮೂರ್ ರಿವರ್ ಶಿಬಿರಕ್ಕೆ ಹಾಕುತ್ತದೆ. ಅವರು ತಪ್ಪಿಸಿಕೊಂಡು, ಮೊಲಗಳನ್ನು ತಡೆಯಲು ಹಾಕಿದ್ದ ಬೇಲಿಯ ಗುರುತು ಹಿಡಿದು ಮನೆ ಕಡೆ ನಡೆಯುತ್ತಾರೆ. ಸುಮಾರು 1,600 ಕಿಲೋಮೀಟರ್. ಗ್ರೇಸಿ ದಾರಿಯಲ್ಲೇ ಸಿಕ್ಕಿಬೀಳುತ್ತಾಳೆ. ಸಿನಿಮಾ ತೆರೆದುಕೊಳ್ಳುವುದೇ ಮುದುಕಿಯಾದ ಮಾಲಿಯ ದನಿಯಲ್ಲಿ, ಅವಳ ಭಾಷೆಯಲ್ಲಿ, ಈ ಸಲ ಸಬ್‌ಟೈಟಲ್ ಸಮೇತ. ಶಿಬಿರದಲ್ಲಿ ಅದೇ ಭಾಷೆ ಆಡಿದರೆ ಗದರುತ್ತಾರೆ. ಆ ಗದರಿಕೆ ಬರುವ ಹೊತ್ತಿಗೆ ನಮಗೆ ಆ ಭಾಷೆ ಕಿವಿಗೆ ಬಿದ್ದಾಗಿರುತ್ತದೆ, ಅದಕ್ಕೇ ಅದು ಚುಚ್ಚುತ್ತದೆ.

ಇಲ್ಲೊಂದು ಎಚ್ಚರ. ಕೆನೆತ್ ಬ್ರಾನಾ ಮಾಡಿದ ನೆವಿಲ್ ಎಂಬ ಅಧಿಕಾರಿಯನ್ನು ಖಳನಾಯಕ ಅಂತ ಬರೆದು ಮುಗಿಸಬೇಡಿ. ಪಶ್ಚಿಮ ಆಸ್ಟ್ರೇಲಿಯಾದ 1905ರ ಕಾಯ್ದೆ ಪ್ರಕಾರ ಪ್ರತಿ ಮೂಲನಿವಾಸಿ ಮಗುವಿಗೂ 16 ವರ್ಷದವರೆಗೆ ಕಾನೂನಿನ ಪೋಷಕ 'ಮುಖ್ಯ ರಕ್ಷಕ' ಎಂಬ ಅಧಿಕಾರಿ. ತಾಯಿ ಅಲ್ಲ! ನೆವಿಲ್ ಹೋದರೆ ಆ ಕುರ್ಚಿಗೆ ಇನ್ನೊಬ್ಬ. ಮಾಲಿಯನ್ನು ಮುಂದೆ ಮಕ್ಕಳ ಸಮೇತ ಮತ್ತೆ ಅದೇ ಶಿಬಿರಕ್ಕೆ ಒಯ್ದರು, ಅವಳು ಮತ್ತೆ ನಡೆದಳು, ಒಂದು ಮಗುವನ್ನು ಅಲ್ಲೇ ಬಿಟ್ಟು. ಆ ಮಗು ಡೋರಿಸ್ ಪಿಲ್ಕಿಂಗ್ಟನ್. ಈ ಸಿನಿಮಾಗೆ ಮೂಲವಾದ ಪುಸ್ತಕ ಬರೆದವರು ಅವರೇ.

'ಟೆನ್ ಕನೂಸ್' (2006) ಬಗ್ಗೆ ಖುಷಿಯಿಂದ ಬರೆಯಬಹುದು. ನಿರ್ದೇಶನ ರಾಲ್ಫ್ ಡಿ ಹೀರ್ ಮತ್ತು ಪೀಟರ್ ಜಿಗಿರ್. ಪಾತ್ರಗಳ ಮಾತೆಲ್ಲ ಮೂಲನಿವಾಸಿ ಭಾಷೆಗಳಲ್ಲೇ. ನಿರೂಪಕ ಯಾರು ಗೊತ್ತಾ? ಅದೇ ಗುಲ್ಪಿಲಿಲ್. ಒಂದಾನೊಂದು ಕಾಲದಲ್ಲಿ ಅಂತ ಶುರು ಮಾಡಿ, ನಕ್ಕು, ತಮಾಷೆ ಮಾಡಿದೆ ಅನ್ನುತ್ತಾನೆ. ನಮ್ಮ ಅಜ್ಜಿಯರ ಹಾಗೆ ಕಥೆ ನಿಲ್ಲಿಸುತ್ತಾನೆ, ಅಡ್ಡದಾರಿ ಹಿಡಿಯುತ್ತಾನೆ, ಕಾಯಿಸುತ್ತಾನೆ. ಸಿನಿಮಾದಲ್ಲಿ ಒಬ್ಬ ಬಿಳಿಯನೂ ಇಲ್ಲ. ಆದರೆ ಅದಕ್ಕೆ ಸ್ಫೂರ್ತಿ 1930ರ ದಶಕದಲ್ಲಿ ಡೊನಾಲ್ಡ್ ಥಾಮ್ಸನ್ ಎಂಬ ಬಿಳಿಯ ಮಾನವಶಾಸ್ತ್ರಜ್ಞ ತೆಗೆದ ಕಪ್ಪು-ಬಿಳುಪು ಫೋಟೋ. ಹಾಗಾಗಿ ವಸಾಹತು ಪೂರ್ತಿ ಆಚೆ ಹೋಗಿಲ್ಲ, ಕ್ಯಾಮೆರಾದ ಹಿಂದೆ ನಿಂತಿದೆ. ಆ ಫೋಟೋವನ್ನು ನಿರ್ದೇಶಕರಿಗೆ ತೋರಿಸಿದ್ದು ಗುಲ್ಪಿಲಿಲ್ ಅನ್ನುವುದನ್ನೂ ಸೇರಿಸಿ ಬರೆಯಿರಿ.

ಕೊನೆಯದು ಟ್ರೇಸಿ ಮೊಫಾಟ್ 1989ರಲ್ಲಿ ಮಾಡಿದ ಕಿರುಚಿತ್ರ 'ನೈಟ್ ಕ್ರೈಸ್'. ಮೂಲನಿವಾಸಿ ಕಲಾವಿದೆ 'ಜೆಡ್ಡಾ'ಗೆ ಕೊಟ್ಟ ಉತ್ತರ ಇದು. ಅಲ್ಲಿ ಬಂಡೆಯಿಂದ ಬಿದ್ದು ಸತ್ತ ಹುಡುಗಿ ಇಲ್ಲಿ ಬದುಕಿದ್ದಾಳೆ, ನಡುವಯಸ್ಸು ದಾಟುತ್ತಿದ್ದಾಳೆ, ಸಾಯುತ್ತಿರುವ ಬಿಳಿಯ ಸಾಕುತಾಯಿಯ ಸೇವೆ ಮಾಡುತ್ತಿದ್ದಾಳೆ. ಮಾತೇ ಇಲ್ಲ. ಇಡೀ ಚಿತ್ರ 20 ನಿಮಿಷವೂ ಇಲ್ಲ. 'ಜೆಡ್ಡಾ' ನೋಡಿದ ದಿನವೇ, ಪಿಯಾನೋ ಸದ್ದು ಇನ್ನೂ ಕಿವಿಯಲ್ಲಿರುವಾಗಲೇ ನೋಡಿ.