ರೆಸಿನ್ ಇರಲಿ, ಮೊದಲು ಹಲಗೆ ತೂಗಿ

ರೆಸಿನ್ ಟೀಪಾಯಿ ಬೇಕು ಅಂತ ಬರುವವರು ಮೊದಲು ಬಣ್ಣದ ಮಾತೆತ್ತುತ್ತಾರೆ. ರೆಸಿನ್ ಅಂದರೆ ಸುರಿದ ಮೇಲೆ ಗಟ್ಟಿಯಾಗುವ ದ್ರವ. ನಡುವೆ ಅದರ ನೀಲಿ ಹೊಳೆ, ಆಚೆ ಈಚೆ ಮರದ ದಡ. ನಾನು ಕೇಳುವುದು ಒಂದೇ: ಹಲಗೆ ಕೊಯ್ಸಿ ಎಷ್ಟು ದಿನ ಆಯ್ತು?

ಇದನ್ನು ನನಗೆ ಕಲಿಸಿದ್ದು ಒಂದು ಹಲಸಿನ ಹಲಗೆ. ಎರಡು ಇಂಚು ದಪ್ಪ, ಅಂಚು ಚೆಂದದ ಅಂಕುಡೊಂಕು, ಮುಟ್ಟಿದರೆ ಒಣಗಿದ ಹಾಗೇ ಇತ್ತು. ಜುಲೈನಲ್ಲಿ ರೆಸಿನ್ ಸುರಿದೆ. ರಾತ್ರಿಯಿಡೀ ಅಂಚಿನಿಂದ ಗುಳ್ಳೆ ಎದ್ದವು. ಹೇಗೋ ಉಜ್ಜಿ ಸರಿಮಾಡಿ ಕೊಟ್ಟೆ. ಮಾರ್ಚ್ ಬಂತು, ಮರ ಕುಗ್ಗಿತು, ರೆಸಿನ್ ಇದ್ದ ಹಾಗೇ ಇತ್ತು. ಎರಡರ ನಡುವೆ ಕೂದಲೆಳೆಯಷ್ಟು ಸಂದು. ಟೀಪಾಯಿ ವಾಪಸ್ ಬಂತು.

ಗಾಳಿಗೆ ಒಣಗಿಸಿದರೆ ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಒಂದು ಅಂದಾಜು. ನೆರಳಲ್ಲಿ, ನೆಲದಿಂದ ಮೇಲೆ, ಹಲಗೆಗಳ ಮಧ್ಯೆ ಪಟ್ಟಿ ಕೊಟ್ಟು ಪೇರಿಸಿ. ಎರಡೂ ತುದಿಗೆ ಪೇಂಟ್ ಬಳಿಯಿರಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ನೀರಿನಂಶ ಶೇ 8ರಿಂದ 12ರೊಳಗೆ ಬರಬೇಕು. ನೀರಿನಂಶ ಅಳೆಯುವ ಮುಳ್ಳಿನ ಮೀಟರನ್ನು ಮೇಲ್ಮೈಗೆ ಚುಚ್ಚಿದರೆ ಮೇಲಿನ ಸುದ್ದಿ ಮಾತ್ರ ಗೊತ್ತಾಗುತ್ತದೆ. ತುದಿ ಸ್ವಲ್ಪ ಕೊಯ್ದು, ಹೊಸ ಮುಖದ ನಡುವೆ ಚುಚ್ಚಿ.

ಮೀಟರ್ ಇಲ್ವಾ? ವಾರಕ್ಕೊಮ್ಮೆ ಹಲಗೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತಾರೆ. ಆದರೆ ಮಳೆಗಾಲದಲ್ಲಿ ಇದನ್ನು ನಂಬಬೇಡಿ. ಗಾಳಿಯಲ್ಲೇ ಪಸೆ ಇರುವಾಗ ಮರ ಅರ್ಧ ಒಣಗಿಯೂ ಅಲ್ಲಿಗೇ ನಿಂತುಬಿಡುತ್ತದೆ. ಅನುಮಾನವಿದ್ದರೆ ಹಲಗೆಯ ಒಳಭಾಗದಿಂದ ಚಿಕ್ಕ ತುಂಡು ಕೊಯ್ದು ತೂಗಿ, ಸುಮಾರು 103 ಡಿಗ್ರಿ ಸೆಲ್ಸಿಯಸ್‌ನ ಒವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. 112 ಗ್ರಾಂ ಇದ್ದದ್ದು 100ಕ್ಕೆ ಬಂದರೆ, ಒಣಗಿದ ತೂಕದ ಲೆಕ್ಕದಲ್ಲಿ ನೀರಿನಂಶ ಶೇ 12.

ಮರ ಯಾವುದು? ಚೆನ್ನಾಗಿ ಚೇಗು (ಒಳಗಿನ ಗಟ್ಟಿ ಮರ) ಬಲಿತ ಹಲಸು ನನಗೆ ಇಷ್ಟ. ಮಾವು ಅಗ್ಗ, ಆದರೆ ಹುಳ ಬೇಗ ಹಿಡಿಯುತ್ತದೆ. ಹಲಗೆ ತಟ್ಟಿ, ಸಣ್ಣ ಹಿಟ್ಟು ಉದುರಿದರೆ ವಾಪಸ್ ಕೊಡಿ. ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ, ಸುರಿಯುವ ಮುಂಚೆ ಅಸಿಟೋನ್‌ನಲ್ಲಿ ಒರೆಸಬೇಕು. ಬೀಟೆ ತಂದವರ ಹತ್ತಿರ ಮೊದಲು ಕಾಗದಪತ್ರ ಕೇಳುತ್ತೇನೆ.

ತೊಗಟೆ ಚೆಂದ ಕಾಣುತ್ತದೆ ಅಂತ ಬಿಡಬೇಡಿ. ರೆಸಿನ್ ತೊಗಟೆಗೆ ಅಂಟುತ್ತದೆ, ತೊಗಟೆ ಮಾತ್ರ ಮರ ಬಿಟ್ಟು ಬರುತ್ತದೆ. ಉಳಿಯಲ್ಲಿ ಎಬ್ಬಿಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಧೂಳು ಊದಿ. ಆಮೇಲೆ ಅಂಚಿಗೆ, ಬಿರುಕಿಗೆ, ಗಂಟಿಗೆ ತೆಳುವಾಗಿ ರೆಸಿನ್ ಬಳಿದು, ಬೆರಳಿಗೆ ಅಂಟಂಟು ಅನ್ನುವ ತನಕ ಕಾಯಿರಿ. ಮರದೊಳಗಿನ ಗಾಳಿಯ ದಾರಿ ಮುಚ್ಚುವುದು ಇದೇ.

ಇನ್ನು ಬಣ್ಣ. ಹೊಸ ಹಲಸಿನ ಹಳದಿಗೆ ನೀಲಿ ಒಪ್ಪುತ್ತದೆ, ನಿಜ. ಆದರೆ ಬೆಳಕು ಬೀಳುತ್ತಾ ಆ ಹಳದಿ ಕಂದಾಗುತ್ತದೆ. ಅದಕ್ಕೇ ಅಂಗಡಿಯಲ್ಲಿ ಹಳೇ ಹಲಸಿನ ತುಂಡೊಂದು ಇಟ್ಟಿದ್ದೇನೆ. ಅದನ್ನು ನೋಡಿದ ಮೇಲೆ ಎಷ್ಟೋ ಜನ ನೀಲಿ ಬಿಟ್ಟು ಕಪ್ಪಿಗೆ ಬರುತ್ತಾರೆ.