ಕ್ರಿಸ್‌ಮಸ್ ಪಟ್ಟಿಯ ಹಟ: ಎರಡೂ ಹಾಡು ಸೋನಿಯವೇ ಆಗಿದ್ದರೆ ಗೆದ್ದವರು ಯಾರು?

ಓದುಗರ ಪ್ರಶ್ನೆ: ಟಿವಿ ಗಾಯನ ಸ್ಪರ್ಧೆಯ ವಿಜೇತನ ಹಾಡು ಕ್ರಿಸ್‌ಮಸ್ ವಾರದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಾರದಂತೆ ತಡೆಯಲು 2009ರಲ್ಲಿ ಬ್ರಿಟನ್ನಿನ ಜನ ಹಳೆಯ ರಾಕ್ ಹಾಡೊಂದನ್ನು ಲಕ್ಷಗಟ್ಟಲೆ ಕೊಂಡರೆಂದು ಓದಿದೆ. ಆದರೆ ಎರಡೂ ಹಾಡುಗಳು ಸೋನಿ ಕಂಪನಿಗೇ ಸೇರಿದ್ದವಂತೆ. ಹಾಗಿದ್ದರೆ ಹಣವೆಲ್ಲ ಹೋದದ್ದು ಒಂದೇ ಜೇಬಿಗಲ್ಲವೇ? ಜನ ಮೋಸಹೋದಂತಾಗಲಿಲ್ಲವೇ?

ಉತ್ತರ: ಎರಡೂ ಹಾಡುಗಳು ಸೋನಿ ಮ್ಯೂಸಿಕ್‌ನ ತೆಕ್ಕೆಯಲ್ಲೇ ಇದ್ದವು ಎಂಬುದು ನಿಜ. ಜನ ಕೊಂಡ ಹಾಡನ್ನು ಹಾಡಿದ ಅಮೆರಿಕದ ರಾಕ್ ತಂಡ ರೇಜ್ ಅಗೇನ್‌ಸ್ಟ್ ದಿ ಮಷೀನ್, ಸೋನಿಗೆ ಸೇರಿದ ಎಪಿಕ್ ಲೇಬಲ್ಲಿನ, ಅಂದರೆ ಹಾಡುಗಳನ್ನು ಹೊರತರುವ ಸಂಸ್ಥೆಯ, ತಂಡ. ಜನ ಸೋಲಿಸಬಯಸಿದ ಹಾಡನ್ನು ಹೊರತಂದದ್ದು 'ದಿ ಎಕ್ಸ್ ಫ್ಯಾಕ್ಟರ್' ಸ್ಪರ್ಧೆಯ ರೂವಾರಿ ಸೈಮನ್ ಕೋವೆಲ್ ಸೋನಿಯೊಡನೆ ಸೇರಿ ನಡೆಸುತ್ತಿದ್ದ ಸೈಕೋ ಲೇಬಲ್. ಯಾವುದು ಗೆದ್ದರೂ ಸೋನಿಗೆ ನಷ್ಟವಿರಲಿಲ್ಲ. ಆದರೂ ಕೊಂಡವರು ಮೋಸಹೋದರು ಎಂಬ ತೀರ್ಮಾನಕ್ಕೆ ಬರುವ ಮೊದಲು ಅವರು ಯಾವುದಕ್ಕಾಗಿ ಹಣ ಕೊಟ್ಟರು ಎಂಬುದನ್ನು ನೋಡಬೇಕಾಗುತ್ತದೆ. ಸೋನಿಯನ್ನು ಬಡವಾಗಿಸುತ್ತೇವೆಂದು ಅವರು ಹೊರಟಿರಲಿಲ್ಲ. ಒಂದು ವಾರದ, ಒಂದು ಪಟ್ಟಿಯ, ಒಂದು ಸ್ಥಾನ ಮೊದಲೇ ನಿಶ್ಚಯವಾಗಿಬಿಡುವುದನ್ನು ತಪ್ಪಿಸಬೇಕೆಂದಷ್ಟೇ ಹೊರಟಿದ್ದರು.

ಹಾಡೆಂದರೆ ಬಹುಮಟ್ಟಿಗೆ ಸಿನಿಮಾದ ಹಾಡೇ ಆಗಿರುವ ನಮ್ಮ ಕಡೆಯವರಿಗೆ ಆ ಒಂದು ಸ್ಥಾನದ ಮೇಲೆ ಇಷ್ಟೊಂದು ಮಮತೆ ಏಕೆಂಬುದು ಸುಲಭವಾಗಿ ಅರ್ಥವಾಗದು. ಬ್ರಿಟನ್ನಿನಲ್ಲಿ ಗಾಯಕರು, ತಂಡಗಳು ಒಂದೊಂದೇ ಹಾಡನ್ನು 'ಸಿಂಗಲ್' ಎಂದು ಬಿಡಿಯಾಗಿ ಮಾರುತ್ತ ಬಂದಿದ್ದಾರೆ. ಆ ಮಾರಾಟದ ಲೆಕ್ಕ ಹಿಡಿದು ಪ್ರತಿ ವಾರ ಹಾಡುಗಳಿಗೆ ಸ್ಥಾನ ಕೊಡುವ ಪಟ್ಟಿ 1952ರ ನವೆಂಬರಿನಲ್ಲಿ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆಯಲ್ಲಿ ಆರಂಭವಾಯಿತು; ಅಂದಿನ ವಿಧಾನವೆಂದರೆ ಕೆಲವು ರೆಕಾರ್ಡ್ ಅಂಗಡಿಗಳಿಗೆ ದೂರವಾಣಿ ಮಾಡಿ ಯಾವುದು ಎಷ್ಟು ಹೋಯಿತು ಎಂದು ಕೇಳಿ ಬರೆದುಕೊಳ್ಳುವುದು. ಉಡುಗೊರೆ ಕೊಡುವ ಕಾಲವಾದ್ದರಿಂದ ಕ್ರಿಸ್‌ಮಸ್ ಸುತ್ತಮುತ್ತ ರೆಕಾರ್ಡುಗಳ ಮಾರಾಟ ಏರುತ್ತಿತ್ತು, ಹಾಗಾಗಿ ಆ ವಾರದ ಮೊದಲ ಸ್ಥಾನಕ್ಕೆ ವಿಶೇಷ ಬೆಲೆ ಬಂದಿತು. 1973ರಲ್ಲಿ ಸ್ಲೇಡ್ ಮತ್ತು ವಿಝರ್ಡ್ ಎಂಬ ಎರಡು ತಂಡಗಳು ಹಬ್ಬದ ಹಾಡುಗಳನ್ನೇ ಹಿಡಿದು ಪೈಪೋಟಿಗೆ ಇಳಿದು ಸ್ಲೇಡ್ ಗೆದ್ದ ಮೇಲಂತೂ ಈ ವಾರ್ಷಿಕ ಸ್ಪರ್ಧೆ ಹಬ್ಬದ ಭಾಗವೇ ಆಯಿತು. 1984ರಲ್ಲಿ ಇಥಿಯೋಪಿಯದ ಕ್ಷಾಮ ಪರಿಹಾರಕ್ಕಾಗಿ ಹೆಸರಾಂತ ಗಾಯಕರೆಲ್ಲ ಕೂಡಿ ಹಾಡಿದ ಬ್ಯಾಂಡ್ ಏಡ್‌ನ ಹಾಡು ಈ ಸ್ಥಾನಕ್ಕೆ ದಾನಧರ್ಮದ ನಂಟನ್ನೂ ತಂದಿತು. ಯಾವ ಹಾಡು ಬರುತ್ತದೆಂದು ಜನ ಬಾಜಿ ಕಟ್ಟುತ್ತಿದ್ದರು. ಗಂಭೀರವಾದ ಗೀತೆ ಗೆಲ್ಲಬಹುದಿತ್ತು, ಮಕ್ಕಳ ಹಾಸ್ಯದ ಹಾಡೂ ಗೆಲ್ಲಬಹುದಿತ್ತು. ಮುಂಚಿತವಾಗಿ ಹೇಳಲಾಗದಿರುವುದೇ ಅದರ ಸ್ವಾರಸ್ಯವಾಗಿತ್ತು.

ಈ ಸ್ವಾರಸ್ಯವನ್ನು ಕೆಡಿಸಿದ್ದು ಟಿವಿಯ ವೇಳಾಪಟ್ಟಿ. 2002ರಲ್ಲಿ ಐಟಿವಿ ವಾಹಿನಿಯ 'ಪಾಪ್‌ಸ್ಟಾರ್ಸ್: ದಿ ರೈವಲ್ಸ್' ಸ್ಪರ್ಧೆಯಿಂದ ಹುಟ್ಟಿದ ಗರ್ಲ್ಸ್ ಅಲೌಡ್ ತಂಡ ಕ್ರಿಸ್‌ಮಸ್ ಮೊದಲ ಸ್ಥಾನ ಪಡೆದಾಗ ಯಾರಿಗೂ ಅಷ್ಟಾಗಿ ಬೇಸರವಾಗಲಿಲ್ಲ, ಆ ಹಾಡು ಚೆನ್ನಾಗಿಯೂ ಇತ್ತು. ಎಕ್ಸ್ ಫ್ಯಾಕ್ಟರ್ ಬಂದ ಮೇಲೆ ಅದು ಯಂತ್ರದಂತಹ ಏರ್ಪಾಡಾಯಿತು. ಸ್ಪರ್ಧೆಯ ಅಂತಿಮ ಸುತ್ತು ಡಿಸೆಂಬರ್ ನಡುವಿಗೆ ಬೀಳುವಂತೆ ಹೊಂದಿಸಲಾಗುತ್ತಿತ್ತು. ಅಂತಿಮ ಸ್ಪರ್ಧಿಗಳಿಂದ ವಿಜೇತರ ಹಾಡನ್ನು ಮುಂಚೆಯೇ ಹಾಡಿಸಿ ಇಟ್ಟುಕೊಂಡು, ಫಲಿತಾಂಶ ಹೊರಬಿದ್ದ ಕೂಡಲೇ ಗೆದ್ದವರ ಧ್ವನಿಯಲ್ಲಿರುವುದನ್ನು ಮಾರಾಟಕ್ಕೆ ಬಿಡಲಾಗುತ್ತಿತ್ತು. ತಿಂಗಳುಗಟ್ಟಲೆ ಪ್ರತಿ ವಾರಾಂತ್ಯ ಕೋಟ್ಯಂತರ ವೀಕ್ಷಕರ ಮುಂದೆ ನಡೆದ ಕಾರ್ಯಕ್ರಮವೇ ಆ ಹಾಡಿನ ಜಾಹೀರಾತಾಗಿತ್ತು. 2005ರಲ್ಲಿ ಶೇನ್ ವಾರ್ಡ್, 2006ರಲ್ಲಿ ಲಿಯೋನಾ ಲೂಯಿಸ್, 2007ರಲ್ಲಿ ಲಿಯಾನ್ ಜಾಕ್ಸನ್, 2008ರಲ್ಲಿ ಅಲೆಕ್ಸಾಂಡ್ರಾ ಬರ್ಕ್, ಹೀಗೆ ನಾಲ್ಕು ವರ್ಷ ಸತತವಾಗಿ ವಿಜೇತರೇ ಆ ಸ್ಥಾನದಲ್ಲಿ ಕುಳಿತರು. ಇವರಲ್ಲಿ ಲಿಯೋನಾ ಲೂಯಿಸ್ ಅವರಂತಹ ನಿಜವಾದ ಪ್ರತಿಭಾವಂತರಿದ್ದರೆಂಬುದನ್ನು ಮರೆಯಬಾರದು. ಆಕ್ಷೇಪವಿದ್ದುದು ಏರ್ಪಾಡಿನ ಬಗ್ಗೆ.

ಪ್ರತಿರೋಧಕ್ಕೆ ದಾರಿ ತೆರೆದದ್ದು ನಿಯಮಾವಳಿಯ ಒಂದು ಬದಲಾವಣೆ, ಮತ್ತು ಈ ಕಥೆಯನ್ನು ಹೇಳುವವರು ಹೆಚ್ಚಾಗಿ ಬಿಟ್ಟುಬಿಡುವ ಅಂಶವೂ ಅದೇ. ಮೊದಲು ಅಂಗಡಿಯಲ್ಲಿ ಸಿ.ಡಿ. ಅಥವಾ ರೆಕಾರ್ಡ್ ರೂಪದಲ್ಲಿ ಬಿಡುಗಡೆಯಾದ ಸಿಂಗಲ್‌ಗಳಿಗೆ ಮಾತ್ರ ಪಟ್ಟಿಯಲ್ಲಿ ಪ್ರವೇಶವಿತ್ತು. 2005ರಲ್ಲಿ ಡೌನ್‌ಲೋಡ್‌ಗಳನ್ನು ಲೆಕ್ಕಕ್ಕೆ ಸೇರಿಸಿದಾಗಲೂ ಆ ಹಾಡಿಗೆ ಅಂಗಡಿಯ ಪ್ರತಿಯೊಂದು ಜೊತೆಗಿರಬೇಕೆಂಬ ಕಟ್ಟುಪಾಡು ಉಳಿದಿತ್ತು. 2007ರ ಜನವರಿಯಲ್ಲಿ ಅದನ್ನೂ ತೆಗೆದುಹಾಕಲಾಯಿತು. ಅಂದಿನಿಂದ ಎಷ್ಟೇ ಹಳೆಯದಾಗಿರಲಿ, ಅಂತರ್ಜಾಲದಲ್ಲಿ ಮಾರಾಟಕ್ಕಿರುವ ಯಾವ ಹಾಡಾದರೂ ಸಾಕಷ್ಟು ಜನ ಒಂದೇ ವಾರದಲ್ಲಿ ಕೊಂಡರೆ ಪಟ್ಟಿಯನ್ನು ಏರಬಹುದಾಯಿತು. ಕಂಪನಿ ಮರುಬಿಡುಗಡೆ ಮಾಡಬೇಕಿಲ್ಲ, ಅಂಗಡಿ ದಾಸ್ತಾನು ತರಿಸಬೇಕಿಲ್ಲ, ಗಾಯಕರ ಒಪ್ಪಿಗೆಯೂ ಬೇಕಿಲ್ಲ. ಸಾಮಾನ್ಯ ಜನ ತಾವೇ ಒಂದು ಹಾಡನ್ನು ಸ್ಪರ್ಧಿಯಾಗಿ ನಿಲ್ಲಿಸುವುದು ಇದರಿಂದಲೇ ಸಾಧ್ಯವಾದದ್ದು.

ಮೊದಲ ಯತ್ನಗಳು ಫಲಿಸಲಿಲ್ಲ. 2008ರಲ್ಲಿ ಅಲೆಕ್ಸಾಂಡ್ರಾ ಬರ್ಕ್ ಹಾಡಿದ್ದು ಲಿಯೊನಾರ್ಡ್ ಕೋಹೆನ್ ರಚಿಸಿದ 'ಹಲ್ಲೆಲೂಯಾ'. ಅದೇ ಹಾಡನ್ನು ಹಿಂದೆ ಹಾಡಿದ್ದ, ಅಷ್ಟರಲ್ಲಿ ತೀರಿಹೋಗಿದ್ದ ಜೆಫ್ ಬಕ್ಲಿಯವರ ಧ್ವನಿಯಲ್ಲಿರುವುದನ್ನು ಕೊಳ್ಳೋಣವೆಂದು ಅಭಿಮಾನಿಗಳು ಕರೆಕೊಟ್ಟರು. ಬರ್ಕ್ ಅವರದು ಒಂದೇ ವಾರದಲ್ಲಿ 5 ಲಕ್ಷ 76 ಸಾವಿರ ಪ್ರತಿ ಮಾರಾಟವಾಗಿ ಮೊದಲ ಸ್ಥಾನ ಪಡೆಯಿತು, ಬಕ್ಲಿಯವರದು ಎರಡನೆಯದಾಯಿತು, ಕೋಹೆನ್ ಸ್ವತಃ ಹಾಡಿದ್ದು 36ನೆಯ ಸ್ಥಾನದಲ್ಲಿ ಕಾಣಿಸಿಕೊಂಡಿತು. ಮೂರರ ರಚನೆಯೂ ಅವರದೇ ಆದ್ದರಿಂದ ಆ ವರ್ಷ ನಿಜವಾಗಿ ನಕ್ಕವರು ಕೋಹೆನ್ ಇರಬೇಕು. ಅದೇ ವರ್ಷ ಎಸೆಕ್ಸ್ ಪ್ರಾಂತದ ಜಾನ್ ಮಾರ್ಟರ್ 1987ರ ರಿಕ್ ಆಸ್ಟ್ಲಿ ಹಾಡೊಂದನ್ನು ಮೇಲೆತ್ತಲು ಪ್ರಯತ್ನಿಸಿ ವಿಫಲರಾದರು.

ಮರುವರ್ಷ ಜಾನ್ ಮತ್ತು ಅವರ ಪತ್ನಿ ಟ್ರೇಸಿ ಆರಿಸಿಕೊಂಡದ್ದು 1992ರ 'ಕಿಲ್ಲಿಂಗ್ ಇನ್ ದಿ ನೇಮ್'. ಈ ಆಯ್ಕೆಯಲ್ಲಿಯೇ ಅರ್ಧ ಗೆಲುವಿತ್ತೆಂದು ನನ್ನ ಅಭಿಪ್ರಾಯ. ಅಮೆರಿಕದ ಪೊಲೀಸರ ಜನಾಂಗಭೇದದ ವಿರುದ್ಧ ಹುಟ್ಟಿದ ಈ ಹಾಡಿನ ಕೊನೆಯಲ್ಲಿ, ನೀನು ಹೇಳಿದಂತೆ ನಾನು ಕೇಳುವುದಿಲ್ಲ ಎಂಬ ಅರ್ಥದ ಒಂದೇ ಸಾಲು ಬೈಗುಳದೊಡನೆ ಮತ್ತೆ ಮತ್ತೆ ಕೇಳಿಬರುತ್ತದೆ. ಏನನ್ನು ಕೊಳ್ಳಬೇಕೆಂದು ಟಿವಿ ಹೇಳುತ್ತಿದೆಯೆಂದು ಸಿಟ್ಟಾಗಿದ್ದವರಿಗೆ ಇದಕ್ಕಿಂತ ಒಪ್ಪುವ ಹಾಡು ಸಿಗುವುದು ಕಷ್ಟ. ಹಬ್ಬದ ಊಟದ ಮೇಜಿನ ಬಳಿ ಇಂಥದ್ದು ಮೊಳಗಲಿದೆ ಎಂಬ ಕಲ್ಪನೆಯ ತುಂಟತನವೂ ಜನರನ್ನು ಸೆಳೆಯಿತು. ಮಾರ್ಟರ್ ದಂಪತಿ ಫೇಸ್‌ಬುಕ್‌ನಲ್ಲಿ ತೆರೆದ ಗುಂಪಿಗೆ ಲಕ್ಷಗಟ್ಟಲೆ ಜನ ಸೇರಿದರು. ಮನೆಯಿಲ್ಲದವರಿಗಾಗಿ ದುಡಿಯುವ ಶೆಲ್ಟರ್ ಎಂಬ ಸಂಸ್ಥೆಗೆ ಇಷ್ಟವಿದ್ದವರು ಪ್ರತ್ಯೇಕವಾಗಿ ದೇಣಿಗೆ ಕೊಡಿರೆಂದು ಕೇಳಿಕೊಂಡದ್ದರಿಂದ 60 ಸಾವಿರ ಪೌಂಡ್‌ಗೂ ಹೆಚ್ಚು ಹಣ ಕೂಡಿತು.

ಆಗ ಪಟ್ಟಿಯ ವಾರ ಭಾನುವಾರದಿಂದ ಶನಿವಾರದವರೆಗೆ ಇರುತ್ತಿತ್ತು. ಡಿಸೆಂಬರ್ 13ಕ್ಕೆ ಮೊದಲು ಕೊಂಡರೆ ಹಿಂದಿನ ವಾರದ ಲೆಕ್ಕಕ್ಕೆ ಹೋಗುತ್ತಿದ್ದುದರಿಂದ, ಹಾಡನ್ನು ಈಗಲೇ ಕೊಳ್ಳಬೇಡಿ, ಆ ಏಳು ದಿನಗಳಲ್ಲಿ ಮಾತ್ರ ಕೊಳ್ಳಿ ಎಂದು ಬೆಂಬಲಿಗರಿಗೆ ತಿಳಿಸಬೇಕಾಗಿತ್ತು. ಅಭಿಯಾನದ ನಿಜವಾದ ಶ್ರಮ ಇದ್ದದ್ದು ಈ ಶಿಸ್ತಿನಲ್ಲಿ. ಅದೇ ಭಾನುವಾರ ರಾತ್ರಿ ಸೌತ್ ಶೀಲ್ಡ್ಸ್ ಪಟ್ಟಣದ ಹದಿನೆಂಟರ ಹರೆಯದ ಜೋ ಮ್ಯಾಕೆಲ್ಡರಿ ಎಕ್ಸ್ ಫ್ಯಾಕ್ಟರ್ ಗೆದ್ದರು. ಅವರ ಸಿಂಗಲ್ 'ದಿ ಕ್ಲೈಂಬ್' ಅದೇ ವರ್ಷ ಮೈಲಿ ಸೈರಸ್ ಹಾಡಿದ್ದ ಹಾಡು. ವಾರದ ನಡುವೆ ಅದರ ಸಿ.ಡಿ. ಅಂಗಡಿಗಳಿಗೆ ಬಂದಿತು, ರೇಜ್ ತಂಡದ ಕಡೆ ಡೌನ್‌ಲೋಡ್‌ಗಳಷ್ಟೇ ಇದ್ದವು. ಅಭಿಯಾನ ಮೂರ್ಖತನದ್ದೆಂದು ಕೋವೆಲ್ ಟೀಕಿಸಿದರು, ಅದರಿಂದ ಅಭಿಯಾನಕ್ಕೇ ಲಾಭವಾಯಿತು. ಬಿಬಿಸಿ ರೇಡಿಯೊ 5 ಲೈವ್ ರೇಜ್ ತಂಡವನ್ನು ನೇರಪ್ರಸಾರದಲ್ಲಿ ಹಾಡಲು ಕರೆದು, ಬೈಗುಳ ಬೇಡವೆಂದು ಮೊದಲೇ ಕೇಳಿಕೊಂಡಿತ್ತು. ಹೇಳಿದಂತೆ ಕೇಳುವುದಿಲ್ಲ ಎಂಬ ಹಾಡನ್ನು ಹಾಡುವವರಿಗೆ ಹಾಗೆ ಹೇಳಿಕೊಟ್ಟ ಮೇಲೆ ಆಗಬೇಕಾದದ್ದೇ ಆಯಿತು, ಪ್ರಸಾರವನ್ನು ನಡುವೆಯೇ ನಿಲ್ಲಿಸಿ ಕ್ಷಮೆ ಕೇಳಬೇಕಾಯಿತು. ಡಿಸೆಂಬರ್ 20ರಂದು ಪ್ರಕಟವಾದ ಲೆಕ್ಕದಲ್ಲಿ 'ಕಿಲ್ಲಿಂಗ್ ಇನ್ ದಿ ನೇಮ್' 5,02,672 ಪ್ರತಿ, 'ದಿ ಕ್ಲೈಂಬ್' 4,50,838 ಪ್ರತಿ. ಡೌನ್‌ಲೋಡ್‌ಗಳಿಂದಲೇ ಕ್ರಿಸ್‌ಮಸ್ ಮೊದಲ ಸ್ಥಾನ ಗೆದ್ದ ಮೊದಲ ಹಾಡು ಅದು. 1993ರಲ್ಲಿ ಅದು ಬ್ರಿಟನ್ನಿನಲ್ಲಿ ಸಿಂಗಲ್ಲಾಗಿ ಬಂದಾಗ 25ನೆಯ ಸ್ಥಾನವನ್ನು ದಾಟಿರಲಿಲ್ಲ. ಮುಂದಿನ ವಾರ ಜೋ ಮ್ಯಾಕೆಲ್ಡರಿ ಮೊದಲ ಸ್ಥಾನಕ್ಕೆ ಬಂದರು. ಕೃತಜ್ಞತೆಯಾಗಿ ರೇಜ್ ತಂಡ 2010ರ ಜೂನ್ 6ರಂದು ಲಂಡನ್ನಿನ ಫಿನ್ಸ್‌ಬರಿ ಪಾರ್ಕ್‌ನಲ್ಲಿ ಉಚಿತ ಸಂಗೀತ ಕಛೇರಿ ನೀಡಿತು.

ಈಗ ನಿಮ್ಮ ಪ್ರಶ್ನೆಯ ಹಣದ ಭಾಗಕ್ಕೆ ಬರೋಣ. ಎರಡು ಹಾಡೂ ಸೇರಿ ಒಂದೇ ವಾರದಲ್ಲಿ ಒಂಬತ್ತೂವರೆ ಲಕ್ಷ ಪ್ರತಿ ಮಾರಾಟವಾದದ್ದರಿಂದ ಸೋನಿಗೆ ಲಾಭವೇ ಆಯಿತು, ಅದರಲ್ಲಿ ಅನುಮಾನವಿಲ್ಲ. ಸೋನಿಯೇ ಒಳಗಿಂದ ಈ ಆಟ ಹೂಡಿತೆಂದು ಹೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ; ಅದಕ್ಕೆ ಪುರಾವೆ ಹೊರಬಂದಿಲ್ಲ. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಟಿವಿ ಹೇಳಿದ್ದನ್ನು ಕೊಳ್ಳಬೇಡಿ ಎನ್ನುತ್ತ ಫೇಸ್‌ಬುಕ್ ಗುಂಪು ಹೇಳಿದ್ದನ್ನು ಕೊಂಡವರು ಸ್ವತಂತ್ರರಾಗಿ ಆರಿಸಿದರೇ? ಪೂರ್ತಿಯಾಗಿ ಹೌದೆನ್ನಲಾರೆ. ಆ ಹಾಡನ್ನು ಹಿಂದೆಂದೂ ಪ್ರೀತಿಯಿಂದ ಕೇಳದವರೂ ಅದನ್ನು ಮತ ಹಾಕಿದಂತೆ ಕೊಂಡರು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು: ಕೋವೆಲ್ ಅವರಿಗೆ ಆ ಸ್ಥಾನದಿಂದ ಆದಾಯವಿತ್ತು, ಮಾರ್ಟರ್ ದಂಪತಿಗೆ ಹಾಡಿನ ಮಾರಾಟದಲ್ಲಿ ಪಾಲಿರಲಿಲ್ಲ. ಯಾರು ಗೆಲ್ಲುತ್ತಾರೆಂದು ತಿಳಿಯದ ಒಂದು ವಾರವನ್ನು ಜನ ಒಂದು ಪೌಂಡಿನ ಆಸುಪಾಸಿನ ಬೆಲೆಗೆ ಪಡೆದರು. ಅವರು ಕೇಳಿದ್ದೂ ಅದನ್ನೇ. ಇದನ್ನು ಮೋಸವೆನ್ನಲು ನನಗೆ ಕಾರಣ ಕಾಣುವುದಿಲ್ಲ.

ಹಾಗೆಂದು ಆ ಗೆಲುವು ಎಕ್ಸ್ ಫ್ಯಾಕ್ಟರ್ ಅನ್ನು ಮಣಿಸಿತೆಂದು ಹಿಗ್ಗಿಸುವುದೂ ಸರಿಯಲ್ಲ. 2010ರಲ್ಲಿ ಇದೇ ಹಟವನ್ನು ಮುಂದುವರಿಸಲು ಹೊರಟವರು ಒಂದು ಹಾಡಿಗೆ ಒಮ್ಮತವಾಗದೆ ಚೆದುರಿದರು. ಕೆಲವರು ಟ್ರ್ಯಾಶ್‌ಮೆನ್ ತಂಡದ ಅರವತ್ತರ ದಶಕದ 'ಸರ್ಫಿನ್ ಬರ್ಡ್' ಹಿಡಿದು ಅದನ್ನು ಮೂರನೆಯ ಸ್ಥಾನಕ್ಕೆ ತಂದರು. ಇನ್ನು ಕೆಲವರು ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಅವರ, ವಾದ್ಯಗಾರರು ಒಂದು ಸ್ವರವನ್ನೂ ನುಡಿಸದೆ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡು ಸುಮ್ಮನಿರುವ ಕೃತಿಯನ್ನು 21ನೆಯ ಸ್ಥಾನಕ್ಕೇರಿಸಿದರು. ಚಮತ್ಕಾರದ ದೃಷ್ಟಿಯಿಂದ ಇದು ರೇಜ್ ಹಾಡಿಗಿಂತ ಒಂದು ಕೈ ಮೇಲು, ಆದರೆ ಮೌನವನ್ನು ದುಡ್ಡು ಕೊಟ್ಟು ಕೊಳ್ಳುವವರು ಕಡಿಮೆ. ಆ ವರ್ಷದ ವಿಜೇತ ಮ್ಯಾಟ್ ಕಾರ್ಡಲ್ ನಿರಾಯಾಸವಾಗಿ ಮೊದಲಿಗರಾದರು.

ಆಮೇಲೆ ವಿಜೇತರನ್ನು ಹಿಂದಿಕ್ಕಿದವುಗಳಲ್ಲಿ ಪ್ರತಿಭಟನೆಯ ಹಾಡುಗಳಿರಲಿಲ್ಲ. 2011ರಲ್ಲಿ ಅಂತಿಮ ಸುತ್ತು ಮುಗಿದ ಮೇಲೆ ಕ್ರಿಸ್‌ಮಸ್ ಪಟ್ಟಿಗೆ ಒಂದು ವಾರ ಹೆಚ್ಚಾಗಿಯೇ ಉಳಿದಿತ್ತು. ಆ ವರ್ಷ ಸ್ಪರ್ಧೆ ಗೆದ್ದ ಲಿಟಲ್ ಮಿಕ್ಸ್ ತಂಡದ ಹಾಡು ಮೊದಲ ಸ್ಥಾನಕ್ಕೇರಿದ್ದು ಹಬ್ಬದ ಹಿಂದಿನ ವಾರದಲ್ಲಿ. ಹಬ್ಬದ ವಾರವನ್ನು ಗೆದ್ದದ್ದು ಸೈನಿಕರ ಪತ್ನಿಯರ ಮೇಳ. ಆ ಮೇಳವೂ ಗಾಯಕವೃಂದ ನಿರ್ದೇಶಕ ಗ್ಯಾರೆತ್ ಮಲೋನ್ ಅವರ ಬಿಬಿಸಿ ಕಾರ್ಯಕ್ರಮದಿಂದಲೇ ಜನಪ್ರಿಯವಾದದ್ದೆಂಬುದನ್ನು ಟಿವಿಯನ್ನು ಬೈಯುವವರು ಅಷ್ಟಾಗಿ ನೆನೆಯುವುದಿಲ್ಲ. 2012ರಲ್ಲಿ, 1989ರ ಹಿಲ್ಸ್‌ಬರೋ ಕ್ರೀಡಾಂಗಣ ದುರಂತದಲ್ಲಿ ಮಡಿದವರ ಕುಟುಂಬಗಳ ಕಾನೂನು ಹೋರಾಟಕ್ಕಾಗಿ ಹಾಡಿದ ಜಸ್ಟಿಸ್ ಕಲೆಕ್ಟಿವ್, ವಿಜೇತ ಜೇಮ್ಸ್ ಆರ್ಥರ್ ಅವರನ್ನು ಎರಡನೆಯ ಸ್ಥಾನಕ್ಕೆ ತಳ್ಳಿತು. 2013ರಲ್ಲಿ ಎಸಿ/ಡಿಸಿ ತಂಡದ ಹಳೆಯ ರಾಕ್ ಹಾಡನ್ನು ಮುಂದಿಟ್ಟುಕೊಂಡು ಮತ್ತೊಂದು ಅಭಿಯಾನ ನಡೆದು ನಾಲ್ಕನೆಯ ಸ್ಥಾನದಲ್ಲಿ ನಿಂತಿತು, ವಿಜೇತೆ ಸ್ಯಾಮ್ ಬೇಲಿ ಗೆದ್ದರು. 2015ರ ಹೊತ್ತಿಗೆ ಯಾರೂ ವಿಜೇತರನ್ನು ತಡೆಯಬೇಕಾದ ಸ್ಥಿತಿಯೇ ಇರಲಿಲ್ಲ. ಲೂಯಿಸಾ ಜಾನ್ಸನ್ ಅವರ ಹಾಡು ಒಂಬತ್ತನೆಯ ಸ್ಥಾನದಲ್ಲಿತ್ತು. ಪೈಪೋಟಿ ನಡೆದದ್ದು ಲಂಡನ್ನಿನ ಸರ್ಕಾರಿ ಆಸ್ಪತ್ರೆಗಳ ಸಿಬ್ಬಂದಿಯ ಮೇಳಕ್ಕೂ ಜಸ್ಟಿನ್ ಬೀಬರ್‌ಗೂ. ಬೀಬರ್ ತಮ್ಮ ಅಭಿಮಾನಿಗಳಿಗೇ ಎದುರಾಳಿಯ ಹಾಡನ್ನು ಕೊಳ್ಳಲು ಹೇಳಿದರು, ಆಸ್ಪತ್ರೆಯವರು ಗೆದ್ದರು.

ಲೆಕ್ಕದ ವಿಧಾನವೂ ಮತ್ತೆ ಬದಲಾಯಿತು. 2014ರ ಜುಲೈಯಿಂದ ಸ್ಟ್ರೀಮಿಂಗ್ ಮೂಲಕ ನೂರು ಸಲ ಕೇಳಿದ್ದನ್ನು ಒಂದು ಮಾರಾಟಕ್ಕೆ ಸಮವೆಂದು ಹಿಡಿಯತೊಡಗಿದರು. ಈ ಪ್ರಮಾಣ ಆಮೇಲೆ ಹಲವು ಸಲ ಪರಿಷ್ಕಾರವಾಗಿದೆ. ಹಬ್ಬದ ಹಳೆಯ ಗೀತೆಗಳು ಪ್ರತಿ ಡಿಸೆಂಬರಿನಲ್ಲಿ ತಾವಾಗಿಯೇ ಮೇಲೆ ಬರುವುದಕ್ಕೆ ಸ್ಟ್ರೀಮಿಂಗ್ ಲೆಕ್ಕಕ್ಕೆ ಬಂದದ್ದೇ ಕಾರಣ. ಆದರೆ ಒಂದು ಡೌನ್‌ಲೋಡ್ ಒಂದು ಪೂರ್ಣ ಮಾರಾಟವಾಗಿಯೇ ಉಳಿದದ್ದರಿಂದ, ಒಂದೇ ವಾರದಲ್ಲಿ ಎಲ್ಲರೂ ಕೂಡಿ ಕೊಳ್ಳುವ 2009ರ ಉಪಾಯ ಬಲ ಕಳೆದುಕೊಳ್ಳಲಿಲ್ಲ. ಸಾಸೇಜ್ ರೋಲ್ ಎಂಬ ತಿಂಡಿಯ ಬಗ್ಗೆ ಹಾಸ್ಯದ ಹಾಡುಗಳನ್ನು ಹೊರತಂದ ಯೂಟ್ಯೂಬ್ ಖ್ಯಾತಿಯ ಲ್ಯಾಡ್‌ಬೇಬಿ, ಬಡವರಿಗೆ ಆಹಾರ ಒದಗಿಸುವ ಟ್ರಸ್ಸೆಲ್ ಟ್ರಸ್ಟ್‌ಗೆ ಹಣ ಕೂಡಿಸುತ್ತ 2018ರಿಂದ 2022ರವರೆಗೆ ಐದು ವರ್ಷ ಸತತವಾಗಿ ಕ್ರಿಸ್‌ಮಸ್ ಮೊದಲ ಸ್ಥಾನವನ್ನು ಹಿಡಿದು, ನಾಲ್ಕು ಸಲ ಗೆದ್ದಿದ್ದ ಬೀಟಲ್ಸ್ ದಾಖಲೆಯನ್ನು ಮುರಿದರು. ಆ ನಡುವೆ 2021ರಲ್ಲಿ ಎಕ್ಸ್ ಫ್ಯಾಕ್ಟರ್‌ನ ಮುಂದಿನ ಸರಣಿಯ ಯೋಜನೆ ಸದ್ಯಕ್ಕಿಲ್ಲವೆಂದು ಐಟಿವಿ ತಿಳಿಸಿತು. ಈ ಸಲವೂ ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿದೆಯಲ್ಲ ಎಂಬ ಗೊಣಗಾಟ ಮತ್ತೆ ಕೇಳಿಬರುತ್ತಿದ್ದುದು ಲ್ಯಾಡ್‌ಬೇಬಿಯ ವಿಷಯದಲ್ಲಿ. 2023ರಲ್ಲಿ ಅವರು ಹಾಡು ತರಲಿಲ್ಲ, ಬ್ಯಾಂಡ್ ಏಡ್ ಎದುರು 1984ರಲ್ಲಿ ಎರಡನೆಯದಾಗಿ ನಿಂತಿದ್ದ ವ್ಯಾಮ್ ಜೋಡಿಯ 'ಲಾಸ್ಟ್ ಕ್ರಿಸ್‌ಮಸ್' ಮೊದಲ ಬಾರಿಗೆ ಆ ಸ್ಥಾನವನ್ನು ತಲುಪಿತು.