ದಿಮ್ಮಿ ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ

ಆಮದು ಮರದ ಕಾಗದಪತ್ರ ನೋಡುವುದು ನನ್ನ ಕೆಲಸ. ಮಂಗಳೂರಿನ ಬೈಕಂಪಾಡಿಯ ಮಿಲ್ಲಿನವರು, ಎಂಜಿನಿಯರುಗಳು, ಪ್ರಾಜೆಕ್ಟ್ ಮಾಡುವ ಕಾಲೇಜು ಮಕ್ಕಳು, ಎಲ್ಲರೂ ತರುವುದು ಉಷ್ಣವಲಯದ ಮರದ ಆಮದಿನ ಒಂದೇ ತರದ ಗ್ರಾಫ್. ಒಂದು ಗೆರೆ ಜಪಾನಿನದು, ಇನ್ನೊಂದು ನಮ್ಮದು. ಜಪಾನಿನ ಗೆರೆ 1970ರ ದಶಕದಲ್ಲಿ ಎತ್ತರ, ಆಮೇಲೆ ಇಳಿಯುತ್ತಲೇ ಹೋಗುತ್ತದೆ. ನಮ್ಮದು 1990ರ ನಂತರ ಏರುತ್ತದೆ. “ನೋಡಿ ಸರ್, ಅವರು ಕಾಡಿನ ಮರ ಬಿಟ್ಟರು, ನಾವು ಶುರು ಮಾಡಿದೆವು” ಅನ್ನುತ್ತಾರೆ.

ಎಂತ ಮಾರಾಯ್ರೆ, ಆ ಗ್ರಾಫ್‌ನಲ್ಲಿ ಇರುವುದು ದಿಮ್ಮಿ ಮಾತ್ರ! ಕಸ್ಟಮ್ಸ್‌ನಲ್ಲಿ ದಿಮ್ಮಿಗೆ 4403, ಕೊಯ್ದ ಮರಕ್ಕೆ 4407, ವಿನಿಯರ್‌ಗೆ (ಮರದ ತೆಳು ಹಾಳೆ) 4408, ಪ್ಲೈವುಡ್‌ಗೆ 4412. ಒಂದೇ ಕೋಡ್ ನೋಡಿ ದೇಶದ ಬಳಕೆ ಹೇಳಲು ಆಗುವುದಿಲ್ಲ.

ಜಪಾನಿನ ಪ್ಲೈವುಡ್ ಮಿಲ್ಲುಗಳಿಗೆ ಮೊದಲು ಫಿಲಿಪೈನ್ಸ್, ಆಮೇಲೆ ಇಂಡೋನೇಷ್ಯಾ, ಮಲೇಷ್ಯಾದ ಸಬಾ, ಸರವಾಕ್‌ನಿಂದ ದಿಮ್ಮಿ ಹೋಗುತ್ತಿತ್ತು. 1985ರಲ್ಲಿ ಇಂಡೋನೇಷ್ಯಾ ದಿಮ್ಮಿ ರಫ್ತು ನಿಲ್ಲಿಸಿತು. ಮರ ಕಡಿಯುವುದು ನಿಂತಿತಾ? ಇಲ್ಲ. ಅದೇ ಮರ ಅಲ್ಲೇ ಪ್ಲೈವುಡ್ ಆಗಿ ಜಪಾನಿಗೆ ಹೋಯಿತು. ದಿಮ್ಮಿಯ ಗೆರೆ ಇಳಿಯಿತು, ಪ್ಲೈವುಡ್ ಗೆರೆ ಏರಿತು.

ಇದನ್ನೇ ನಾನು ಮತ್ತೆ ಮತ್ತೆ ಹೇಳುವುದು. ಎಲ್ಲವನ್ನೂ ದಿಮ್ಮಿಯ ಲೆಕ್ಕಕ್ಕೆ ತನ್ನಿ. 1 ಘನ ಮೀಟರ್ ಕೊಯ್ದ ಮರಕ್ಕೆ ಸುಮಾರು 1.8 ಘನ ಮೀಟರ್ ದಿಮ್ಮಿ ಬೇಕು, ಪ್ಲೈವುಡ್‌ಗೆ ಸುಮಾರು 2.3. ಒಬ್ಬರು 100 ಘನ ಮೀಟರ್ ದಿಮ್ಮಿ ತರಿಸಿದರು, ಇನ್ನೊಬ್ಬರು 50 ಘನ ಮೀಟರ್ ಪ್ಲೈವುಡ್ ತರಿಸಿದರು ಅಂತ ಇಟ್ಟುಕೊಳ್ಳಿ. ಎರಡನೆಯವರದು ಅರ್ಧ ಅನ್ನಿಸುತ್ತದೆ, ಅಲ್ವಾ? ಕಾಡಿನಲ್ಲಿ ಕಡಿದ ಲೆಕ್ಕ ಹಾಕಿದರೆ ಅವರದು 115. ಹಾಗಂತ ಈ ಗುಣಕಗಳು ಅಂದಾಜು ಮಾತ್ರ. ಮಿಲ್ಲು, ಮರದ ಜಾತಿ, ದಿಮ್ಮಿಯ ದಪ್ಪ ನೋಡಿ ಬದಲಾಗುತ್ತವೆ. ಎಲ್ಲ ಸೇರಿಸಿದರೂ ಜಪಾನಿನ ಉಷ್ಣವಲಯದ ಮರದ ಬಳಕೆ ಕ್ರಮೇಣ ಕಡಿಮೆಯಾದದ್ದು ನಿಜ. ಅವರ ಮಿಲ್ಲುಗಳು ರಷ್ಯಾದ ಲಾರ್ಚ್, ತಮ್ಮದೇ ಸುಗಿಯಂಥ ತಂಪು ನಾಡಿನ ಮರಗಳ ಕಡೆ ತಿರುಗಿದವು. ಆದರೆ ದಿಮ್ಮಿಯ ಗೆರೆ ತೋರಿಸುವಷ್ಟು ಕಡಿದಾಗಿ ಇಳಿಯಲಿಲ್ಲ.

ನಮ್ಮ ಕಥೆ ಬೇರೆ. 1996ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ಆದೇಶದ ನಂತರ ಇಲ್ಲಿ ಕಾಡು ಕಡಿಯುವುದಕ್ಕೆ ಬಿಗಿ ಬಂತು, ಹೊರಗಿನ ಮರ ಜಾಸ್ತಿಯಾಯಿತು. ದಿಮ್ಮಿಗೆ ಸುಂಕ ಕಡಿಮೆ, ಕೊಯ್ದ ಮರಕ್ಕೆ ಜಾಸ್ತಿ. ಜೊತೆಗೆ ದಾರಂದ (ಬಾಗಿಲ ಚೌಕಟ್ಟು), ಕಿಟಕಿಗೆ ಬೇಕಾದ ಸೈಜು ಇಲ್ಲೇ ಕೊಯ್ಯಿಸುವ ಅಭ್ಯಾಸ. ಹಾಗಾಗಿ ನಮಗೆ ಬರುವ ಮರ ಹೆಚ್ಚಾಗಿ ದಿಮ್ಮಿಯ ಗೆರೆಯಲ್ಲೇ ಕಾಣುತ್ತದೆ.

ಒಬ್ಬ ಮಿಲ್ ಮಾಲೀಕರ ಮಗ, ಬಹಳ ಚುರುಕಿನ ಹುಡುಗ, ಬರ್ಮಾದ (ಈಗಿನ ಮ್ಯಾನ್ಮಾರ್) ತೇಗದ ಲೆಕ್ಕ ತಂದಿದ್ದ. 2014ರ ಏಪ್ರಿಲ್ ನಂತರ ದಿಮ್ಮಿ ಸರ್ರನೆ ಬಿದ್ದಿದೆ. ಜನರಿಗೆ ತೇಗ ಬೇಡವಾಗಿದೆ ಅಂತ ತೀರ್ಮಾನ ಮಾಡಿಬಿಟ್ಟಿದ್ದ. ಮ್ಯಾನ್ಮಾರ್ ದಿಮ್ಮಿ ರಫ್ತು ನಿಷೇಧಿಸಿದ್ದೇ 2014ರ ಏಪ್ರಿಲ್ 1ಕ್ಕೆ. ಅದಕ್ಕೆ ಮೊದಲು ವ್ಯಾಪಾರಿಗಳು ಅವಸರದಲ್ಲಿ ತರಿಸಿಟ್ಟುಕೊಂಡಿದ್ದರು. ಆ ಉಬ್ಬಿದ ವರ್ಷವನ್ನೇ ಇವನು ಹೋಲಿಕೆಗೆ ಬುಡ ಮಾಡಿಕೊಂಡಿದ್ದ. ಘಾನಾ, ಈಕ್ವೆಡಾರ್, ಕೋಸ್ಟರಿಕಾದ ತೋಟದ ತೇಗ ಕಂಟೈನರ್‌ಗಳಲ್ಲಿ ಬರುತ್ತಿದ್ದದ್ದು ಅವನ ಪಟ್ಟಿಯಲ್ಲೇ ಇರಲಿಲ್ಲ. ಕೂತು ಹೊಸದಾಗಿ ಪಟ್ಟಿ ಮಾಡಿದೆವು.

ನನ್ನ ಹತ್ತಿರ ಬರುವವರಲ್ಲಿ ಒಂದು ಕೋರಿಕೆ. ನಮ್ಮದು ಏಪ್ರಿಲ್‌ನಿಂದ ಮಾರ್ಚ್ ವರ್ಷ, ಜಪಾನಿನ ಕಸ್ಟಮ್ಸ್ ಅಂಕಿ ಸಾಮಾನ್ಯವಾಗಿ ಜನವರಿಯಿಂದ ಡಿಸೆಂಬರ್. ತಿಂಗಳವಾರು ಅಂಕಿ ತನ್ನಿ. ನ್ಯೂಜಿಲೆಂಡಿನ ಪೈನ್ ಬೇರೆ ತೆಗೆದಿಡಿ, ಅದು ಉಷ್ಣವಲಯದ ಮರವಲ್ಲ. ಬರ್ಮಾದ ಹಳೆಯ ಬಿಲ್ಲಿನಲ್ಲಿ ಹಾಪ್ಪಸ್ ಟನ್ ಅಂತ ಇದ್ದರೆ ಅದು ತೂಕವಲ್ಲ, ಸುಮಾರು 1.8 ಘನ ಮೀಟರ್ ಗಾತ್ರ. ಅದನ್ನು ಸಾವಿರ ಕಿಲೋ ಅಂತ ಬರೆದುಕೊಳ್ಳಬೇಡಿ.